ಹಳೆಯ ಹಂಚು, ಡಬರಿಗಳ ಮೇಲೆ ಬಣ್ಣ ಯಾಕೆ ನಿಲ್ಲುವುದಿಲ್ಲ? ಸುಲಿದ ಹಕ್ಕಳೆಯ ಬೆನ್ನು ನೋಡಿ

ಅಡುಗೆಮನೆಯ ಗೋಡೆಗೆ ಎರಡು ಹಂಚು ತೂಗುಹಾಕಬೇಕು ಅಂತ ನನಗೆ ಬಹಳ ದಿನದ ಆಸೆ. ಒಂದು ಅವ್ವನ ರೊಟ್ಟಿ ಹಂಚು. ಇನ್ನೊಂದು ಅತ್ತೆಯ ದೋಸೆ ಹಂಚು. ಎರಡೂ ಕಬ್ಬಿಣದವು, ಎರಡೂ ಬಳಸಿ ಬಳಸಿ ಕರ್ರಗಾದವು. ನಮ್ಮ ಧಾರವಾಡದ ಕಡೆ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುತ್ತಾರಲ್ಲ, ಹಾಗೆ ಕರಿ ಹಂಚಿನ ಮೇಲೆ ಬಿಳಿ, ಕೆಂಪು, ಹಳದಿ ಗೆರೆಯಲ್ಲಿ ಗೋಪುರ, ತೇರು ಬರೆದರೆ ಎಷ್ಟು ಚೆಂದ, ಅಲ್ವಾ? ಎರಡನ್ನೂ ಸೋಪು ಹಾಕಿ ತಿಕ್ಕಿ ತೊಳೆದೆ. ಒಂದೇ ದಿನ, ಒಂದೇ ಡಬ್ಬಿಯ ಕರಿ ಅಕ್ರಿಲಿಕ್ ಬಣ್ಣ ಎರಡಕ್ಕೂ ಬಳಿದೆ. ಅದರ ಮೇಲೆ ಕಸೂತಿ ಬರೆದೆ.

ಮೂರು ವಾರದಲ್ಲಿ ದೋಸೆ ಹಂಚಿನ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ರೊಟ್ಟಿ ಹಂಚಿನ ಬಣ್ಣ ಗಟ್ಟಿಯಾಗಿಯೇ ನಿಂತಿತ್ತು. ಆದರೆ ಬಿಳಿ ಗೆರೆಯ ಒಳಗಿಂದ ಕಂದು ಚುಕ್ಕಿಗಳು ಮೂಡಿದವು.

ಬಣ್ಣ ಒಂದೇ, ಕೈ ಒಂದೇ, ಕಬ್ಬಿಣವೂ ಒಂದೇ. ದೋಷ ಮಾತ್ರ ಎರಡು ಥರ. ಯಾಕೆ ಅಂತ ಯೋಚಿಸಿದಾಗ ಹೊಳೆಯಿತು. ದೋಸೆ ಹಂಚು ಇಷ್ಟು ವರ್ಷ ಎಣ್ಣೆ ಕುಡಿದಿದೆ. ಜೋಳದ ರೊಟ್ಟಿಗೆ ಎಣ್ಣೆ ಹಾಕುವುದಿಲ್ಲ, ನೀರು ಸವರುತ್ತೇವೆ. ಹಾಗಾಗಿ ರೊಟ್ಟಿ ಹಂಚು ಇಷ್ಟು ವರ್ಷ ನೀರು ಕುಡಿದಿದೆ. ಎಣ್ಣೆ ಕುಡಿದದ್ದು ಬಣ್ಣವನ್ನು ಹಿಡಿಯಲಿಲ್ಲ. ನೀರು ಕುಡಿದದ್ದು ಬಣ್ಣವನ್ನು ಹಿಡಿಯಿತು, ಆದರೆ ಒಳಗೆ ತುಕ್ಕು ಹಿಡಿಯಿತು.

ಅಂದಿನಿಂದ ಯಾರಾದರೂ ಪಾತ್ರೆ ತಂದು ತೋರಿಸಿದರೆ ನಾನು ಬಣ್ಣದ ಡಬ್ಬಿ ಕೇಳುವುದಿಲ್ಲ. ಈ ಪಾತ್ರೆಯಲ್ಲಿ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತೇನೆ. ಹೋದ ವರ್ಷ ಹುಬ್ಬಳ್ಳಿಯಿಂದ ನಮ್ಮ ವೈನಿ (ಅತ್ತಿಗೆ) ಫೋನ್ ಮಾಡಿ, ತಮ್ಮ ಡಬರಿಯ ಬಣ್ಣ ಎದ್ದು ಬಂದದ್ದನ್ನು ಹೇಳಿ, "ಛಲೋ ಕಂಪನಿ ಬಣ್ಣಾನ ತಂದಿದ್ದೆ, ಆದರೂ ಯಾಕ ಹಿಂಗ ಆತು?" ಅಂದರು. "ವೈನಿ, ಬಣ್ಣಕ್ಕ ಬಯ್ಯಬ್ಯಾಡ್ರಿ. ಒಂದು ಚೂರು ಎಬ್ಬಿಸಿ ಅದರ ಬೆನ್ನು ನೋಡ್ರಿ" ಅಂದೆ. ಈ ಬರಹದ ಉಳಿದದ್ದೆಲ್ಲ ಆ ಮಾತಿನ ವಿವರಣೆ.

ಮೊದಲು ಹಕ್ಕಳೆಯ ಬೆನ್ನು

ಬಣ್ಣ ಎದ್ದ ಕಡೆ ಚಾಕುವಿನ ತುದಿಯಿಂದ ಉಗುರಿನಷ್ಟು ಚೂರು ಎಬ್ಬಿಸಿ. ಹಗಲ ಬೆಳಕಿನಲ್ಲಿ ಅದರ ಬೆನ್ನು ನೋಡಿ. ಚೂರು ಬಿಟ್ಟುಹೋದ ಜಾಗವನ್ನೂ ನೋಡಿ. ಆಮೇಲೆ ಎರಡನ್ನೂ ಬಿಳಿ ಹತ್ತಿ ಬಟ್ಟೆಯಿಂದ ಒರೆಸಿ.

ಬೆನ್ನು ನುಣ್ಣಗೆ ಹೊಳೆಯುತ್ತಿದ್ದು ಬಟ್ಟೆಗೆ ಏನೂ ಹತ್ತದಿದ್ದರೆ, ಬಣ್ಣ ಲೋಹಕ್ಕೆ ಅಂಟಿಯೇ ಇರಲಿಲ್ಲ ಅಂತ ಅರ್ಥ. ಕೆಳಗೆ ಜಿಡ್ಡಿತ್ತು, ಇಲ್ಲವೇ ಮೈ ತೀರಾ ನುಣುಪಾಗಿತ್ತು. ಕಂದು ಪುಡಿ ಹತ್ತಿದರೆ ತುಕ್ಕು. ಕರ್ರಗೆ ಹತ್ತಿದರೆ ಒಲೆಯ ಮಸಿ. ಹಸಿರು ಬಂದರೆ ಹಿತ್ತಾಳೆ ಅಥವಾ ತಾಮ್ರದ ಕಿಲುಬು. ಬಿಳಿ ಪುಡಿ ಬಂದರೆ ಪಾತ್ರೆ ಯಾವುದು ಅಂತ ನೋಡಬೇಕು. ಜರ್ಮನ್ ಪಾತ್ರೆ ಆಗಿದ್ದರೆ ಅದು ಅಲ್ಯುಮಿನಿಯಂ ತಾನೇ ಕೆಟ್ಟು ಬಿಟ್ಟ ಪುಡಿ. ಮಣ್ಣಿನ ಗಡಿಗೆ ಆಗಿದ್ದರೆ ಅದು ನೀರಿನ ಉಪ್ಪು.

ಪ್ರೈಮರ್, ಅಂದರೆ ಬಣ್ಣ ಗಟ್ಟಿ ಹಿಡಿಯಲಿ ಅಂತ ಅದಕ್ಕಿಂತ ಮೊದಲು ಬಳಿಯುವ ಅಡಿಪದರ, ಹಚ್ಚಿದ್ದರೆ ಅದು ಈಗ ಎಲ್ಲಿದೆ ಅಂತಲೂ ನೋಡಿ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಪ್ರೈಮರ್ ಚೂರಿನ ಜೊತೆ ಎದ್ದು ಬಂದಿದ್ದರೆ ಪ್ರೈಮರ್ ಲೋಹವನ್ನು ಹಿಡಿದಿಲ್ಲ. ಪ್ರೈಮರ್ ಪಾತ್ರೆಯ ಮೇಲೆ ಉಳಿದು ಬಣ್ಣ ಮಾತ್ರ ಎದ್ದಿದ್ದರೆ ಲೋಹದ ಕೆಲಸ ಸರಿ ಇದೆ. ಪ್ರೈಮರ್ ಮೇಲೆ ಧೂಳು ಕೂತಿತ್ತು, ಇಲ್ಲವೇ ಅದು ಆರುವ ಮೊದಲೇ ಬಣ್ಣ ಬಿತ್ತು. ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ದರೆ ಪ್ರೈಮರ್ ನಡುವೆಯೇ ಸೀಳಿದೆ. ದಪ್ಪಗೆ ಬಳಿದಿದ್ದೀರಿ, ಅಥವಾ ತಳದಲ್ಲಿ ಕೂತದ್ದನ್ನು ಕಲಕದೆ ಮೇಲಿನ ತಿಳಿಯನ್ನಷ್ಟೇ ಹಚ್ಚಿದ್ದೀರಿ. ಎಲ್ಲಿ ಬಿಟ್ಟಿದೆಯೋ ಅಲ್ಲಿಯವರೆಗೆ ಮಾತ್ರ ಕೆರೆದರೆ ಸಾಕು. ಸುಮ್ನೆ ಪೂರ್ತಿ ಪಾತ್ರೆ ಕೆರೆಯುವ ಕೆಲಸ ಉಳಿಯುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆಗಳು

ಕೆಲವು ಪಾತ್ರೆ ಯಾವ ಲೋಹದ್ದು ಅಂತಲೇ ಗೊತ್ತಾಗುವುದಿಲ್ಲ. ಅಯಸ್ಕಾಂತ ಹಿಡಿಯಿರಿ. ಕಬ್ಬಿಣ ಎಳೆಯುತ್ತದೆ. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ ಎಳೆಯುವುದಿಲ್ಲ. ಸ್ಟೀಲಿನಲ್ಲಿ ಕೆಲವು ಎಳೆಯುತ್ತವೆ, ಕೆಲವು ಇಲ್ಲ. ಅದು ಹೊಳಪಿನಿಂದಲೇ ತಿಳಿಯುತ್ತದೆ.

ಜಿಡ್ಡು ಹೋಗಿದೆಯೇ ಎಂದು ತಿಳಿಯಲು ನೀರು ಸಾಕು. ತೊಳೆದ ಲೋಹದ ಮೇಲೆ ಒಂದು ಹಿಡಿ ನೀರು ಸುರಿಯಿರಿ. ನೀರು ಹಾಳೆಯಂತೆ ಹರಡಿ ನಿಂತರೆ ಮೈ ಸ್ವಚ್ಛ ಇದೆ. ಕೆಸುವಿನೆಲೆಯ ಮೇಲಿನ ಹನಿಯಂತೆ ಮುದ್ದೆಯಾಗಿ ಓಡಿದರೆ ಜಿಡ್ಡು ಇನ್ನೂ ಇದೆ. ಕಣ್ಣಿಗೆ ಕಾಣದ ಜಿಡ್ಡನ್ನೂ ಇದು ಹಿಡಿದುಕೊಡುತ್ತದೆ. ಕಬ್ಬಿಣ ಆದರೆ ನೋಡಿದ ತಕ್ಷಣ ಒರೆಸಿ ಒಣಗಿಸಿ.

ಬಣ್ಣ ಗಟ್ಟಿ ಇದೆಯೇ ಅಂತ ನೋಡಲು ಟೇಪ್ ಇದೆ. ಪಾತ್ರೆಯ ಹಿಂಬದಿಯಲ್ಲಿ, ಪೂರ್ತಿ ಆರಿದ ಬಣ್ಣದ ಮೇಲೆ ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ 6 ಉದ್ದ ಗೆರೆ, 6 ಅಡ್ಡ ಗೆರೆ ಕೊರೆಯಿರಿ. 25 ಪುಟ್ಟ ಚೌಕ ಬರುತ್ತವೆ. ಅದರ ಮೇಲೆ ಟೇಪ್ ಒತ್ತಿ ಅಂಟಿಸಿ ಜಗ್ಗಿ ಎಳೆಯಿರಿ. ಬಣ್ಣದ ಕಾರ್ಖಾನೆಗಳಲ್ಲೂ ಇದೇ ಥರ ನೋಡುತ್ತಾರೆ. ಒಂದೆರಡು ಚೌಕದ ಅಂಚು ಮುರಿದರೆ ಚಿಂತೆ ಇಲ್ಲ. ನಾಲ್ಕೈದು ಚೌಕ ಪೂರ್ತಿ ಟೇಪಿಗೆ ಬಂದರೆ ಕಸೂತಿ ಬರೆಯಲು ಕೂರಬೇಡಿ. ಎರಡು ವಾರದ ಕೆಲಸ ಒಂದು ದಿನ ಉದುರಿಹೋಗುತ್ತದೆ.

ಬೇರೆಯವರು ಬಣ್ಣ ಹಚ್ಚಿದ ಪಾತ್ರೆ ಕೈಗೆ ಬಂದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ಮೂಲೆ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತಿದರೆ ಅಕ್ರಿಲಿಕ್. ಹತ್ತದಿದ್ದರೆ ಹೆಚ್ಚಾಗಿ ಅಂಗಡಿಯವರು ಆಯಿಲ್ ಪೇಂಟ್ ಎನ್ನುವ ಎನಾಮಲ್. ಬರೀ ನೀರಿಗೇ ಕರಗಿದರೆ ಅದು ಮಕ್ಕಳ ಪೋಸ್ಟರ್ ಕಲರ್.

ಹಪ್ಪಳದಂತೆ ಎದ್ದು ಬಂದರೆ

ದೋಸೆ ಹಂಚು, ಪಡ್ಡಿನ ಹಂಚು, ಮಿರ್ಚಿ ಭಜಿ ಕರಿದ ಕಡಾಯಿ. ಇವುಗಳ ರೋಗ ಇದು. ಎಣ್ಣೆ ಕಾದು ಕಾದು ಕಬ್ಬಿಣದ ಮೇಲೆ ಕರ್ರಗೆ, ಗಟ್ಟಿ ಪದರ ಆಗಿರುತ್ತದೆ. ಅದು ಮುಟ್ಟಿದರೆ ಜಿಡ್ಡು ಅನ್ನಿಸುವುದಿಲ್ಲ. ಒಣಗಿದೆ, ತೊಳೆದದ್ದಾಗಿದೆ ಅಂತಲೇ ನಾನೂ ತಿಳಿದಿದ್ದೆ. ದೋಸೆ ಅಂಟದಂತೆ ಕಾಪಾಡುವ ಪದರ ಅದು. ಬಣ್ಣವನ್ನೂ ಅಂಟಗೊಡುವುದಿಲ್ಲ.

ಎಮರಿ ಪೇಪರ್ ತಿಕ್ಕಿ ನೋಡಿ. ಪೇಪರಿನ ಮೇಲೆ ಒಣ ಪುಡಿ ಬರದೆ ಕರಿ ಅಂಟು ಮೆತ್ತಿದರೆ ಎಣ್ಣೆಯ ಪದರ ಇನ್ನೂ ಇದೆ. ಸೋಪಿಗೆ ಅದು ಹೋಗುವುದಿಲ್ಲ. ಬರೀ ಕಬ್ಬಿಣದ ಹಂಚಾದರೆ ಹಿತ್ತಲಲ್ಲಿ ಕಟ್ಟಿಗೆ ಒಲೆಯ ಮೇಲೆ ಬೋರಲು ಹಾಕಿ ಸುಟ್ಟುಬಿಡಿ. ಮೊದಲು ಹೊಗೆ ಬಹಳ ಬರುತ್ತದೆ. ಹೊಗೆ ನಿಂತು ಮೈ ಬೂದಿ ಬಣ್ಣಕ್ಕೆ ತಿರುಗುವವರೆಗೆ ಬಿಡಿ. ಆಮೇಲೆ ತಾನಾಗಿ ಆರಲಿ. ಬಿಸಿ ಹಂಚಿನ ಮೇಲೆ ನೀರು ಹಾಕಿದರೆ ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಆರಿದ ಮೇಲೆ 80 ನಂಬರಿನ ಎಮರಿ ಪೇಪರ್, ಅದರ ಹಿಂದೆ 120. ಕೊನೆಗೆ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸುತ್ತಾ ಹೋಗಿ. ಬಟ್ಟೆ ಬೆಳ್ಳಗೆ ಬರುವವರೆಗೆ ಬಟ್ಟೆ ಬದಲಿಸುತ್ತಲೇ ಇರಿ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಷ್ಟೇ. ಥಿನ್ನರ್ ಕೆಲಸ ಒಲೆ ಆರಿದ ಮೇಲೆ, ಬಯಲಲ್ಲಿ, ಬೆಂಕಿಯಿಂದ ದೂರ ಇರಲಿ.

ಈ ಸುಡುವ ದಾರಿ ಕಬ್ಬಿಣಕ್ಕೆ ಮಾತ್ರ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದಕ್ಕಿಂತ ಮೊದಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಲಾಯಿ ಹಾಕಿದ ಪಾತ್ರೆಯ ತವರ 232 ಡಿಗ್ರಿಗೇ ಕರಗಿ ಹರಿಯುತ್ತದೆ. ನಾನ್‌ಸ್ಟಿಕ್ ತವಾ ಅಂತೂ ಸುಡಲೇಬೇಡಿ. ಸುಮಾರು 260 ಡಿಗ್ರಿ ದಾಟಿದರೆ ಅದರ ಲೇಪ ಕೆಡುತ್ತಾ ಹೋಗುತ್ತದೆ, ಇನ್ನೂ ಕಾದರೆ ವಿಷದ ಹೊಗೆ ಬಿಡುತ್ತದೆ. ನಾನ್‌ಸ್ಟಿಕ್‌ನ ಒಳಮೈಗೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಅದನ್ನು ತಿಕ್ಕಿ ಧೂಳೆಬ್ಬಿಸುವ ಬದಲು ಹೊರಮೈಗೆ ಬಣ್ಣ ಹಚ್ಚಿ, ಬೋರಲು ತೂಗುಹಾಕಿ.

ಒಮ್ಮೆ ಎಲ್ಲ ಸರಿ ಮಾಡಿದ ಮೇಲೂ ಎರಡು ಕಡೆ ಮಾತ್ರ ಬಣ್ಣ ಎದ್ದಿತ್ತು. ಎರಡೂ ಹೆಬ್ಬೆಟ್ಟಿನ ಗಾತ್ರ. ನೋಡಿದರೆ ನಾನು ಹಂಚು ಹಿಡಿದುಕೊಂಡಿದ್ದ ಜಾಗಗಳೇ ಅವು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈ. ಈಗ ಒರೆಸಿದ ಮೇಲೆ ಅಂಚನ್ನು ಬಟ್ಟೆಯಲ್ಲಿ ಹಿಡಿಯುತ್ತೇನೆ.

ತೂಗುಹಾಕಿದ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಲೆಯ ಮೇಲಿನ ಗೋಡೆಯಲ್ಲಿದ್ದರೆ ಒಗ್ಗರಣೆಯ ಹೊಗೆ, ಶಾಖ ಎರಡೂ ದಿನಾ ಬಡಿಯುತ್ತವೆ. ಅಲ್ಲಿ ಬಣ್ಣ ಕೆಳಗಂಚಿನಿಂದ ಏಳುತ್ತದೆ. ಒಲೆಯಿಂದ ನಾಲ್ಕೈದು ಅಡಿ ದೂರದ ಗೋಡೆ ನೋಡಿ.

ಕಂದು ಚುಕ್ಕಿ ಮೂಡಿದರೆ

ರೊಟ್ಟಿ ಹಂಚಿನ ವಿಷಯ. ಅಕ್ರಿಲಿಕ್ ಬಣ್ಣದಲ್ಲಿ ನೀರಿದೆ. ಬರಿ ಕಬ್ಬಿಣದ ಮೇಲೆ ನೇರ ಬಳಿದರೆ ಬಣ್ಣ ಆರುವ ಮೊದಲೇ ಕೆಳಗೆ ತುಕ್ಕು ಶುರುವಾಗುತ್ತದೆ. ಬಿಳಿ, ಹಳದಿ ಬಣ್ಣದಲ್ಲಿ ಅದು ಬೇಗ ಕಾಣುತ್ತದೆ. ಕರಿ ಬಣ್ಣದಲ್ಲಿ ಕಾಣದೆ ಒಳಗೇ ಬೆಳೆಯುತ್ತದೆ.

ಚುಕ್ಕಿ ಎಲ್ಲಿದೆ ಅಂತ ನೋಡಿದರೆ ಕಾರಣ ಅರ್ಧ ಸಿಕ್ಕ ಹಾಗೆ. ನಡುಭಾಗದಲ್ಲಿ ಚೆಲ್ಲಾಪಿಲ್ಲಿ ಇದ್ದರೆ ಹಳೆಯ ತುಕ್ಕು ಹಂಚಿನ ಸಣ್ಣ ಕುಳಿಗಳಲ್ಲಿ ಉಳಿದಿತ್ತು. ಎಮರಿ ಪೇಪರ್ ಮೇಲ್ಮೈಯನ್ನಷ್ಟೇ ತಿಕ್ಕುತ್ತದೆ, ಕುಳಿಗೆ ಇಳಿಯುವುದಿಲ್ಲ. ಅಲ್ಲಿಗೆ ತಂತಿ ಬ್ರಷ್ ಬೇಕು. ಚುಕ್ಕಿಗಳು ಅಂಚಿನ ಸುತ್ತ ಸಾಲಾಗಿ ಇದ್ದರೆ ಹಿಂಬದಿಗೆ ನೀವು ಏನೂ ಹಚ್ಚಿಲ್ಲ. ಗೋಡೆಯ ತೇವ ಹಿಂದಿನಿಂದ ಸುತ್ತಿ ಮುಂದೆ ಬಂದಿದೆ. ಕಿವಿ ಅಥವಾ ತೂಗುವ ತೂತಿನ ಹತ್ತಿರ ಮಾತ್ರ ಇದ್ದರೆ ಮೊಳೆ ತಿಕ್ಕಿ ಬಣ್ಣ ಹೋಗಿದೆ. ಅಲ್ಲೊಂದು ದಾರದ ಕುಣಿಕೆ ಹಾಕಿ ತೂಗಿದರೆ ಮುಗಿಯಿತು.

ಸರಿಪಡಿಸುವಾಗ ನಾನು ಮಾಡಿದ್ದು ಹೀಗೆ. ಚುಕ್ಕಿ ಇರುವ ಕಡೆಯೆಲ್ಲ ಲೋಹ ಕಾಣುವವರೆಗೆ ಕೆರೆದೆ. ಕುಳಿಗಳಿಗೆ ಹುಣಸೆಹಣ್ಣಿನ ಗಟ್ಟಿ ರಸ ಮೆತ್ತಿ ಅರ್ಧ ಗಂಟೆ ಬಿಟ್ಟೆ. ತಂತಿ ಬ್ರಷ್ಷಿನಿಂದ ತಿಕ್ಕಿ, ಎರಡು ಮೂರು ಸಲ ನೀರಿನಲ್ಲಿ ತೊಳೆದೆ. ಹುಳಿ ಉಳಿದರೆ ಮತ್ತೆ ತುಕ್ಕು. ಒರೆಸಿ, ಗ್ಯಾಸ್ ಒಲೆಯ ಮೇಲೆ ಎರಡು ನಿಮಿಷ ಬಿಸಿ ಮಾಡಿದೆ. ಕುಳಿಯೊಳಗಿನ ನೀರು ಹೋಗಲು ಇದೊಂದೇ ದಾರಿ ಅಂತ ನನ್ನ ಅನುಭವ. ಒಲೆ ಆರಿಸಿ, ಹಂಚು ತಣ್ಣಗಾದ ಮೇಲೆ ಹಿತ್ತಲಿಗೆ ಒಯ್ದು ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿದೆ. ನಾಳೆ ಹಚ್ಚಿದರಾಯಿತು ಅಂತ ಮಳೆಗಾಲದಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಮೈಯೆಲ್ಲ ತೆಳು ಕೆಂಪು ಹತ್ತಿರುತ್ತದೆ. ಹಿಂದೆ, ಮುಂದೆ, ಅಂಚು, ತೂತಿನ ಒಳಗೆ, ಎಲ್ಲ ಕಡೆ ಪ್ರೈಮರ್ ಮುಟ್ಟಬೇಕು. ಅದು ಪೂರ್ತಿ ಆರಿದ ಮೇಲೆ 320 ನಂಬರಿನ ಪೇಪರಿನಿಂದ ಮೆಲ್ಲಗೆ ಸವರಿ, ಧೂಳು ಒರೆಸಿ, ಆಮೇಲೆ ಕರಿ ಬಣ್ಣ.

ಕೆಂಪು ಪ್ರೈಮರ್ ಹಚ್ಚಿದ ಹಂಚು ನೋಡಲು ಬೇಸರ ಆಗುತ್ತದೆ, ಒಪ್ಪುತ್ತೇನೆ. ಅವ್ವನ ಹಂಚಿನ ಆ ಕಪ್ಪು ಎಷ್ಟು ವರ್ಷದ್ದು! ಆದರೆ ತುಕ್ಕು ತಿಂದು ತೂತಾಗುವುದನ್ನು ನೋಡುವುದಕ್ಕಿಂತ ಇದು ಮೇಲು.

ಜರ್ಮನ್ ಡಬರಿ

ವೈನಿಯ ಡಬರಿ ಇದೇ. ಚೂರು ಎಬ್ಬಿಸಿದಾಗ ಬೆನ್ನಿಗೆ ಕೆಂಪು ಪ್ರೈಮರ್ ಇತ್ತು, ಕೆಳಗೆ ಲೋಹ ಬತ್ತಲೆ. ಅಂಗಡಿಯವರು ಮೆಟಲ್ ಪ್ರೈಮರ್ ಅಂತ ರೆಡ್ ಆಕ್ಸೈಡ್ ಕೊಟ್ಟಿದ್ದರು. ಅದು ಕಬ್ಬಿಣಕ್ಕೆ ಒಳ್ಳೆಯದು. ಅಲ್ಯುಮಿನಿಯಂ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಅಲ್ಯುಮಿನಿಯಂ ಗಾಳಿ ತಗುಲಿದ ಕೂಡಲೇ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ಅದನ್ನು ಸ್ವಲ್ಪ ತಿಂದು ಒಳಗೆ ಬೇರು ಬಿಡುವ ಎಚ್ (etch) ಪ್ರೈಮರ್ ಬೇಕು. ವಾಶ್ ಪ್ರೈಮರ್ ಅಂತಲೂ ಕರೆಯುತ್ತಾರೆ. ಗಾಡಿಗಳಿಗೆ ಬಣ್ಣ ಹೊಡೆಯುವವರ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಜಿಂಕ್ ಕ್ರೋಮೇಟ್ ಅಂತ ಹಳದಿ ಪ್ರೈಮರ್ ಕೂಡ ಅಲ್ಯುಮಿನಿಯಂ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಆದರೆ ಅದರ ಕ್ರೋಮಿಯಂ ವಿಷಕಾರಿ. ಅದರ ಧೂಳು ಮೂಗಿಗೆ ಹೋಗಬಾರದು. ಮನೆಯಲ್ಲಿ ಮಕ್ಕಳಿದ್ದರೆ ನಾನು ಅದನ್ನು ತರಬೇಡಿ ಅಂತಲೇ ಹೇಳುತ್ತೇನೆ.

ಇನ್ನೊಂದು ತಪ್ಪು ತೊಳೆಯುವುದರಲ್ಲಿ ಆಗುತ್ತದೆ. ಜಿಡ್ಡು ಬೇಗ ಹೋಗಲಿ ಅಂತ ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಅಲ್ಯುಮಿನಿಯಂ ಕಪ್ಪಾಗಿ, ತರಿತರಿಯಾಗಿ ಕೆಡುತ್ತದೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, 180 ನಂಬರಿನ ಪೇಪರ್, ಥಿನ್ನರ್ ಬಟ್ಟೆ, ಇಷ್ಟು ಸಾಕು. ತಿಕ್ಕಿದ ಮೇಲೆ ತಡಮಾಡದೆ ಪ್ರೈಮರ್ ಹಚ್ಚಿ. ಊಟ ಮುಗಿಸಿ ಬಂದು ಹಚ್ಚಿದರಾಯಿತು ಅಂದುಕೊಳ್ಳಬೇಡಿ.

ಹಿತ್ತಾಳೆ, ತಾಮ್ರ

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಿತ್ತಾಳೆ ಚರಗಿ, ತಾಮ್ರದ ಕೊಡಕ್ಕೆ ಬಣ್ಣ ಬೇಡ. ಹಳೆಯ ಪಾತ್ರೆಯ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಹೆಸರು, ಊರು, ತಾರೀಖು ಕೊರೆಸಿರುತ್ತಾರೆ. ಯಾರ ಮದುವೆಗೆ ಯಾರು ಕೊಟ್ಟದ್ದು ಅನ್ನುವುದಕ್ಕೆ ಮನೆಯಲ್ಲಿ ಅದೊಂದೇ ಬರಹ ಉಳಿದಿರುತ್ತದೆ. ಬಣ್ಣ ಬಳಿದರೆ ಚುಕ್ಕಿ ತುಂಬಿಹೋಗುತ್ತವೆ. ಎಮರಿ ಪೇಪರ್ ತಿಕ್ಕಿದರೆ ಶಾಶ್ವತವಾಗಿ ಹೋಗುತ್ತವೆ. ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಸಿ ಇಟ್ಟರೆ ಅದೇ ಅಲಂಕಾರ.

ಆಗಲೇ ಬಣ್ಣ ಹಚ್ಚಿ, ಒಳಗಿಂದ ಹಸಿರು ಬರುತ್ತಿದ್ದರೆ ಹೆಚ್ಚಾಗಿ ತೊಳೆದ ಹುಳಿ ಹೋಗದೆ ಉಳಿದಿದೆ. ಬಣ್ಣ ತೆಗೆದು, ಚಿಟಿಕೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಒಳ್ಳೆ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಬೇಕಿದ್ದರೆ ಬಣ್ಣ ಬಿಟ್ಟು ತೆಳು ವಾರ್ನಿಶ್ ಮಾತ್ರ ಹಚ್ಚಿ.

ಸುಕ್ಕು, ಅಂಟು, ಬಿಳಿ ಮಂಜು

ಈ ಮೂರಕ್ಕೂ ಬೇರು ಒಂದೇ. ಬಣ್ಣ ಸರಿಯಾಗಿ ಆರಿಲ್ಲ.

ಎನಾಮಲ್ ಮೇಲಿನಿಂದ ಆರುತ್ತದೆ. ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿದ ಮೇಲೂ ಕೆಳಗೆ ಹಸಿಯೇ ಇರುತ್ತದೆ. ಆಗ ಎರಡನೇ ಕೋಟ್ ಹಚ್ಚಿದರೆ ಪೊರೆ ಊದಿ ಸುಕ್ಕಾಗುತ್ತದೆ. ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೊಂದು ದಿನ ಬಿಡಿ. ಸುಕ್ಕಾದದ್ದನ್ನು ಹಸಿಯಲ್ಲಿ ತಿದ್ದಲು ಆಗುವುದಿಲ್ಲ. ಒಂದು ವಾರ ಬಿಟ್ಟು, ಗಟ್ಟಿಯಾದ ಮೇಲೆ ತಿಕ್ಕಿ ಸಮ ಮಾಡಿ, ತೆಳುವಾಗಿ ಮತ್ತೆ ಹಚ್ಚಿ.

ವಾರ ಕಳೆದರೂ ಕೈಗೆ ಅಂಟುತ್ತಿದ್ದರೆ, ಬಣ್ಣ ತೆಳು ಮಾಡಲು ಏನು ಹಾಕಿದಿರಿ ಅಂತ ನೆನಪಿಸಿಕೊಳ್ಳಿ. ಚಿಮಣಿ ಎಣ್ಣೆ (ಸೀಮೆಎಣ್ಣೆ) ಹಾಕಿದ್ದರೆ ಅದೇ ಕಾರಣ. ಅದು ಪೂರ್ತಿ ಆವಿಯಾಗದೆ ಬಣ್ಣದಲ್ಲೇ ಕೂರುತ್ತದೆ. ಟರ್ಪೆಂಟೈನ್ ಹಾಕಬೇಕಿತ್ತು. ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ.

ಎನಾಮಲ್ ಮೇಲೆ ಅಕ್ರಿಲಿಕ್ ಹಚ್ಚಿ ಕೆರೆಯ ಒಣ ಮಣ್ಣಿನಂತೆ ಬಿರುಕು ಬಿಟ್ಟಿದ್ದರೆ, ಕೆಳಗಿನ ಎನಾಮಲ್ ಇನ್ನೂ ಪೂರ್ತಿ ಆರಿರಲಿಲ್ಲ. ಒಣಗಿದ ಅಕ್ರಿಲಿಕ್ ಮೇಲೆ ಎನಾಮಲ್ ನಡೆಯುತ್ತದೆ. ತಿರುಗಿಸಿ ಹಚ್ಚುವುದಾದರೆ ಎನಾಮಲ್ ವಾರಗಟ್ಟಲೆ ಆರಿ, ಹೊಳಪು ತಿಕ್ಕಿ ತೆಗೆದಿರಬೇಕು.

ಬಿಳಿ ಮಂಜು ಕವಿಯುವುದು ಧಾರವಾಡದವರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಜಿಟಿಜಿಟಿ ಮಳೆ ಹಿಡಿದ ವಾರದಲ್ಲಿ ಸ್ಪ್ರೇ ಲ್ಯಾಕರ್ (ಬಣ್ಣದ ಮೇಲೆ ಹೊಡೆಯುವ ತಿಳಿ ಹೊಳಪಿನ ಲೇಪ) ಹೊಡೆದರೆ ಗಾಳಿಯ ತೇವ ಲ್ಯಾಕರಿನಲ್ಲಿ ಸಿಕ್ಕಿಬೀಳುತ್ತದೆ. ಕರಿ ಹಂಚಿನ ಮೇಲೆ ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ. ಕೆರೆಯಬೇಡಿ. ಬಿಸಿಲು ಬಿದ್ದು ಗಾಳಿ ಒಣಗಿದ ದಿನ ಅದರ ಮೇಲೆ ತೆಳುವಾಗಿ ಇನ್ನೊಂದು ಸಲ ಹೊಡೆಯಿರಿ. ಹಳೆಯ ಪದರ ಕರಗಿ ಹೆಚ್ಚಾಗಿ ತಿಳಿಯಾಗುತ್ತದೆ. ಗದಗಿನ ಕಡೆಯವರಿಗೆ ಈ ತೊಂದರೆ ಕಡಿಮೆ. ಅವರಿಗೆ ಗಾಳಿ ಕಾಟ. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದಮೇಲೆ ಅಲ್ಲಿನ ಗಾಳಿ ಎಷ್ಟು ಅಂತ ಹೇಳಬೇಕಿಲ್ಲ. ಎರೆ ಹೊಲದ ಧೂಳು ಹಸಿ ಬಣ್ಣದ ಮೇಲೆ ಕೂತರೆ ಕೈಗೆ ತರಿತರಿ ಹತ್ತುತ್ತದೆ. ಆರುವ ಹಂಚಿನ ಮೇಲೆ ದೊಡ್ಡ ಬುಟ್ಟಿಯೊಂದನ್ನು ಎತ್ತರಕ್ಕೆ ಬೋರಲು ಹಾಕಿ.

ಕಸೂತಿ ಗೆರೆ ಹರಡಿದರೆ, ಗೋಪುರ ವಾಲಿದರೆ

ವಾರ್ನಿಶ್ ಹಚ್ಚಿದ ಕೂಡಲೇ ಕೆಂಪು ಗೆರೆ ಬಿಳಿಯೊಳಗೆ ಹರಿಯಿತೇ? ಮಾರ್ಕರ್ ಪೆನ್ನಿನಲ್ಲಿ ಬರೆದಿರಬೇಕು. ಅದರ ಶಾಯಿ ಸ್ಪಿರಿಟ್‌ಗೆ ಕರಗುತ್ತದೆ, ಸ್ಪ್ರೇ ವಾರ್ನಿಶ್‌ನ ದ್ರಾವಣಕ್ಕೂ ಕರಗುತ್ತದೆ. ಪೋಸ್ಟರ್ ಕಲರ್ ಆದರೆ ನೀರಿನ ವಾರ್ನಿಶ್‌ಗೆ ಕರಗುತ್ತದೆ. ಅಕ್ರಿಲಿಕ್ ಬಣ್ಣದಲ್ಲೇ ತೆಳು ಬ್ರಷ್ಷಿನಿಂದ ಬರೆದರೆ ಈ ಭಯವಿಲ್ಲ. ಮಾರ್ಕರಿನಲ್ಲಿ ಬರೆದು ಆಗಿಹೋಗಿದ್ದರೆ, ಒಂದಡಿ ದೂರದಿಂದ ಮಂಜಿನಂತೆ ತೆಳುವಾಗಿ ಸ್ಪ್ರೇ ಮಾಡಿ, ಆರಲು ಬಿಟ್ಟು, ಮತ್ತೆ ಮಾಡಿ. ಒಂದೇ ಸಲ ತೋಯುವಂತೆ ಹೊಡೆದರೆ ಎಲ್ಲ ಹರಿದುಹೋಗುತ್ತದೆ. ಮೊದಲು ಹಿಂಬದಿಯಲ್ಲಿ ಒಂದು ಗೆರೆ ಎಳೆದು ನೋಡಿಕೊಳ್ಳಿ.

ಗೋಪುರ ವಾಲುವುದು ಬಣ್ಣದ ದೋಷ ಅಲ್ಲ, ಆದರೆ ನನ್ನನ್ನು ಬಹಳ ಕಾಡಿದ್ದು ಅದೇ. ಕಸೂತಿಯಲ್ಲಿ ನಕ್ಷೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಹೋಗುತ್ತಾರೆ. ಗವಂತಿ ಹೊಲಿಗೆಯ ನೇರ ಗೆರೆ, ಮುರ್ಗಿ ಹೊಲಿಗೆಯ ಮೆಟ್ಟಿಲು, ಎಲ್ಲವೂ ಆ ಎಣಿಕೆಯ ಮೇಲೆ ನಿಂತಿವೆ. ಹಂಚಿಗೆ ಎಳೆ ಇಲ್ಲ. ಚಪ್ಪಟೆ ಹಂಚಾದರೆ ಸೀಮೆಸುಣ್ಣದಲ್ಲಿ ಚೌಕಳಿ ಹಾಕಿಕೊಂಡರೆ ಸಾಕು. ಡಬರಿಯ ಹೊಟ್ಟೆ ಕೆಳಗೆ ಅಗಲ, ಮೇಲೆ ಕಿರಿದು. ಕೆಳಗಿನ ಅಳತೆಯನ್ನೇ ಮೇಲೂ ಹಿಡಿದರೆ ಕೊನೆಯ ತೇರು ಮೊದಲ ತೇರಿನ ಮೇಲೆ ಹತ್ತುತ್ತದೆ.

ನಾನು ಕಂಡುಕೊಂಡ ದಾರಿ ದಾರದ್ದು. ಪಾತ್ರೆಯ ಸುತ್ತ ಒಂದು ದಾರ ಸುತ್ತಿ ಅಳತೆಗೆ ಕತ್ತರಿಸಿ. ಅದನ್ನು ನಾಲ್ಕು ಸಲ ಮಡಚಿ, 16 ಭಾಗ ಆಗುತ್ತದೆ. ಮಡಿಕೆ ಬಿದ್ದ ಕಡೆ ಶಾಯಿ ಹಚ್ಚಿ, ಮತ್ತೆ ಪಾತ್ರೆಗೆ ಸುತ್ತಿ ಗುರುತು ಮಾಡಿ. ಕೆಳಗೊಂದು, ನಡುವೆ ಒಂದು, ಕಂಠದಲ್ಲಿ ಒಂದು, ಮೂರೂ ಕಡೆ ಬೇರೆ ಬೇರೆ ದಾರ. ಮೂರೂ ಗುರುತು ಸೇರಿಸಿ ಗೆರೆ ಎಳೆದರೆ ಚೌಕಳಿಯ ಮನೆಗಳು ಮೇಲೆ ಹೋದಂತೆ ಒಂದೇ ಹದದಲ್ಲಿ ಕಿರಿದಾಗುತ್ತವೆ. ಗೋಪುರಕ್ಕೆ ಅದು ಚೆಂದವೇ ಕಾಣುತ್ತದೆ. ಕಂಠದ ಸುತ್ತ ಮುರ್ಗಿ ಒಂದೇ ಸಾಲು ಸಾಕು.

ಮಣ್ಣಿನ ಗಡಿಗೆ

ನೀರಿನ ಗಡಿಗೆಗೆ ಬಣ್ಣ ಹಚ್ಚಿ, ಒಂದು ತಿಂಗಳಲ್ಲಿ ಬಿಳಿ ಗಡ್ಡ ಬಂದಂತೆ ಪುಡಿ ಮೂಡಿದರೆ ಅದು ಬೂಸಲ್ಲ, ಉಪ್ಪು. ನಾಲಿಗೆಗೆ ಇಡಬೇಡಿ. ನೀರು ಹನಿಸಿ ನೋಡಿ. ಉಪ್ಪು ಕರಗಿ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬರುತ್ತದೆ. ಗಡಸು ಬೋರ್ ನೀರು ತುಂಬಿದ ಗಡಿಗೆಯಲ್ಲಿ ಇದು ಜಾಸ್ತಿ. ಬಣ್ಣ ಕೆರೆದು, ಮಳೆನೀರಿನಲ್ಲಿ ನಾಲ್ಕೈದು ದಿನ ಮುಳುಗಿಸಿಡಿ. ದಿನಾ ನೀರು ಬದಲಿಸಿ. ಆಮೇಲೆ ಹತ್ತು ದಿನವಾದರೂ ಒಣಗಲಿ. ಒಣಗಿದೆಯೇ ಅಂತ ನೋಡಲು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ರಾತ್ರಿ ಅಂಟಿಸಿ. ಬೆಳಿಗ್ಗೆ ಒಳಗೆ ಇಬ್ಬನಿ ಕೂತಿದ್ದರೆ ಇನ್ನೂ ಬಿಡಿ.

ಮತ್ತೆ ಒಲೆಗೆ ಬೇಡ

ಬಣ್ಣ ಹಚ್ಚಿದ ಪಾತ್ರೆಯಲ್ಲಿ ಅಡುಗೆ ಮಾಡಬಾರದು, ತಿನ್ನುವುದನ್ನು ಇಡಲೂಬಾರದು. ಮನೆಬಳಕೆ ಮತ್ತು ಅಲಂಕಾರದ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಣ್ಣ ಮೈಮೇಲಿದ್ದರೆ ಸೀಸ ಇದೆ ಅಂತಲೇ ತಿಳಿದು ನಡೆಯಿರಿ. ಒಣಗಿದ್ದನ್ನು ತಿಕ್ಕಬೇಡಿ. ನೀರು ಹಾಕುತ್ತಾ ತಿಕ್ಕಿ, ಕೆಸರನ್ನು ಕಾಗದದಲ್ಲಿ ಕಟ್ಟಿ ಎಸೆಯಿರಿ. ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ದೂರ ಇರಲಿ.

ಕೊನೆಯದಾಗಿ ಒಂದು ಅಭ್ಯಾಸ. ಪಾತ್ರೆಯ ಹಿಂಬದಿಯಲ್ಲಿ ಯಾವ ಲೋಹ, ಯಾವ ಪ್ರೈಮರ್, ಯಾವ ಬಣ್ಣ, ಯಾವ ದಿನ ಅಂತ ಬರೆದಿಡಿ. ಮುಂದೆ ಯಾರಾದರೂ ಚೂರು ಎಬ್ಬಿಸಿ ನೋಡುವಾಗ ಊಹೆ ಮಾಡಬೇಕಾಗುವುದಿಲ್ಲ. ದೋಸೆ ಹಂಚನ್ನು ಸುಟ್ಟು, ತಿಕ್ಕಿ, ಮತ್ತೆ ಬರೆದ ಮೇಲೆ ಅದರ ಹಿಂದೆ ನಾನೂ ಬರೆದಿದ್ದೇನೆ. ಚರಗಿಯ ಮೇಲೆ ಹೆಸರು ಕೊರೆಯುವ ಹಾಗೆ ಚುಕ್ಕಿಯಲ್ಲೇ ಬರೆದೆ. ಮೊದಲು ಅತ್ತೆಯ ಹೆಸರು, ಅದರ ಕೆಳಗೆ ರೆಡ್ ಆಕ್ಸೈಡ್ ಒಂದು ಕೋಟ್, ಕರಿ ಎರಡು ಕೋಟ್, ಟೇಪಿಗೆ ಬಂದ ಚೌಕ 25ರಲ್ಲಿ ಸೊನ್ನೆ.